ಎರಡು ಗಂಟೆ ಎಂದರೆ ಎರಡು ಗಂಟೆ: ಅಡಿಸ್ ಅಬಾಬ ಪ್ರವಾಸದ ಕುರಿತು ದೂರು

ಹಾಸನ
9 ಜನವರಿ 2026

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು.

ವಿಷಯ: 12 ನವೆಂಬರ್ 2025ರ ಬುಧವಾರ ಅಡಿಸ್ ಅಬಾಬದಲ್ಲಿ ನೀವು ನಡೆಸಿದ, ಸರಿಯಾಗಿ ಹೇಳುವುದಾದರೆ ನಡೆಸದೆ ಬಿಟ್ಟ, 'ಇತಿಹಾಸ ಮತ್ತು ಸಂಸ್ಕೃತಿ' ಒಂದು ದಿನದ ಪ್ರವಾಸ.

ಮಾನ್ಯರೇ,

ಈ ಪತ್ರಕ್ಕೆ ಮೊದಲು ನಿಮಗೆ ಏಳು ಸಲ ಫೋನ್ ಮಾಡಿದ್ದೇನೆ, ಮೂರು ಇಮೇಲ್ ಕಳಿಸಿದ್ದೇನೆ. ಮೊನ್ನೆ ನಿಮ್ಮಿಂದ ಬಂದ ಉತ್ತರ ಒಂದೇ ಸಾಲಿನದು: 'ನಿಮ್ಮ ದೂರನ್ನು ಪರಿಹರಿಸಲಾಗಿದೆ.' ಕೆಳಗೆ ಕೇಪ್‌ಟೌನ್ ಪ್ರವಾಸಕ್ಕೆ ಶೇ. 10ರ ರಿಯಾಯಿತಿ ಕೂಪನ್. ಪರಿಹಾರವಾದದ್ದು ನನ್ನ ದೂರಾದ್ದರಿಂದ ಅದು ಯಾವಾಗ, ಹೇಗೆ ಆಯಿತೆಂದು ನನಗೂ ಒಂದು ಮಾತು ತಿಳಿಸಬಹುದಿತ್ತು. ಕೋಪದಲ್ಲಿ ಬರೆಯಬೇಡಿ ಎಂದು ಹೆಂಡತಿ ಎರಡು ದಿನ ತಡೆದಳು. ಮೂರನೆಯ ದಿನ ಕೂಪನ್ ತೋರಿಸಿದೆ. ಅವಳೇ ಪೆನ್ನು ತಂದುಕೊಟ್ಟಳು.

ಮೊದಲು ಗಡಿಯಾರದ ವಿಚಾರ. ಇಥಿಯೋಪಿಯಾದಲ್ಲಿ ಗಂಟೆ ಎಣಿಸುವುದು ಬೆಳಗಿನಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ನಮ್ಮ ಪಂಚಾಂಗದವರು ಸೂರ್ಯೋದಯದಿಂದ ಘಳಿಗೆ ಎಣಿಸುವವರೇ, ಆದ್ದರಿಂದ ನಮಗೆ ಇದು ತೀರ ವಿಚಿತ್ರವೂ ಅಲ್ಲ. ಆ ದೇಶಕ್ಕೆ ಜನರನ್ನು ಕಳಿಸಿ ದುಡ್ಡು ಮಾಡುವ ಸಂಸ್ಥೆಗೆ ಇದು ತಿಳಿದಿರುತ್ತದೆ ಎಂದು ನಾನು ಭಾವಿಸಿದ್ದೆ. ನನಗೆ ಮಾತ್ರ ಚಿಕ್ಕಂದಿನಿಂದ ಗೊತ್ತು. ನಮ್ಮ ತಂದೆ 1968ರಿಂದ 1975ರವರೆಗೆ ಅಡಿಸ್ ಅಬಾಬದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಆ ಕಾಲದಲ್ಲಿ ಅಲ್ಲಿಗೆ ಹೋದ ಭಾರತೀಯ ಮೇಷ್ಟರುಗಳು ಬಹಳ ಮಂದಿ. ಊರಿಗೆ ಮರಳಿದ ಮೇಲೂ ಅಪ್ಪ ತಮಾಷೆಗೆ 'ಎರಡು ಗಂಟೆಗೆ ಶಾಲೆ, ಏಳು' ಎಂದೇ ನಮ್ಮನ್ನು ಎಬ್ಬಿಸುತ್ತಿದ್ದರು.

ಹಾಗಾಗಿ 11ರ ರಾತ್ರಿ ನಿಮ್ಮಿಂದ 'ನಾಳೆ 2.00 ಗಂಟೆಗೆ ಹೋಟೆಲ್‌ನಲ್ಲಿ ಸಿದ್ಧರಿರಿ' ಎಂಬ ಸಂದೇಶ ಬಂದಾಗ ನಾನು ಸುಮ್ಮನೆ ಮಲಗಲಿಲ್ಲ. ನಿಮ್ಮ ಬೆಂಗಳೂರಿನ ಸಂಖ್ಯೆಗೆ ಫೋನ್ ಮಾಡಿದೆ. 'ಗುಣಮಟ್ಟ ಮತ್ತು ತರಬೇತಿಗಾಗಿ ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ' ಎಂದು ನಿಮ್ಮ ಯಂತ್ರವೇ ಹೇಳಿತು. ಮುದ್ರಣ ನಿಮ್ಮಲ್ಲೇ ಇರುವುದರಿಂದ ನನ್ನ ಮಾತನ್ನು ನಂಬಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು.

ನಾನು ಕೇಳಿದೆ: 'ಎರಡು ಗಂಟೆ ಎಂದರೆ ನಮ್ಮ ಎರಡೋ, ಇಥಿಯೋಪಿಯಾದವರ ಎರಡೋ?'

ಆ ಕಡೆಯ ಹುಡುಗ: 'ಸರ್, ಎರಡು ಎಂದರೆ ಎರಡು.'

'ಇಲ್ಲಿಯವರ ಲೆಕ್ಕದಲ್ಲಿ ಎರಡು ಎಂದರೆ ಬೆಳಗಿನ ಎಂಟಪ್ಪಾ.'

'ಸರ್, ಗಂಟೆ ಎಲ್ಲಾ ದೇಶದಲ್ಲೂ ಒಂದೇ. ಮಧ್ಯಾಹ್ನ ಎರಡು.'

'ಎಂಟು ಗಂಟೆಗಳ ಪ್ರವಾಸ ಎಂದು ಬರೆದಿದ್ದೀರಿ. ಮಧ್ಯಾಹ್ನ ಎರಡಕ್ಕೆ ಹೊರಟರೆ ರಾತ್ರಿ ಹತ್ತಾಗುತ್ತದೆ. ಮ್ಯೂಸಿಯಂ ಯಾರು ತೆರೆದಿಟ್ಟಿರುತ್ತಾರೆ?'

'ಅದೆಲ್ಲಾ ಹೊಂದಿಕೊಳ್ಳುತ್ತದೆ ಸರ್.'

'ಮಧ್ಯಾಹ್ನದ ಊಟವೂ ಸೇರಿದೆಯಲ್ಲ?'

'ಸ್ವಲ್ಪ ತಡವಾದ ಊಟ ಸರ್.'

ಹೇಳುತ್ತಿರುವುದು ಸಂಸ್ಥೆ, ಕೇಳುತ್ತಿರುವವನು ಅರವತ್ತೇಳರ ಮುದುಕ. ನಂಬಿದೆ. ಇದೊಂದು ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದೆವು. ಗಾಜಿನ ಬಾಗಿಲಿನಾಚೆ, ನಮ್ಮ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಕಂದು ಬಣ್ಣದ ಕೋಟು ಹಾಕಿದ್ದ ಒಬ್ಬ ಮನುಷ್ಯ ಎದೆಗೆ ಕಾಗದ ಹಿಡಿದು ನಿಂತಿದ್ದ. ಕಾಗದದ ಮೇಲೆ ಹೆಸರಿರಲಿಲ್ಲ, ಒಂದು ಸಂಖ್ಯೆ ಇತ್ತು. 'ಪಾಪ, ಯಾರಿಗೋ ಕಾಯುತ್ತಿದ್ದಾನೆ, ಎಂಥ ಜನವೋ' ಎಂದು ನಾನೇ ಹೆಂಡತಿಗೆ ಹೇಳಿದೆ. ಮುಕ್ಕಾಲು ಗಂಟೆ ನಿಂತು ಆತ ಹೊರಟುಹೋದ. ಅವನು ನಿಮ್ಮ ಚಾಲಕ, ಆ ಸಂಖ್ಯೆ ನನ್ನ ಬುಕಿಂಗ್ ಸಂಖ್ಯೆ, ಆ ಎಂಥ ಜನ ನಾವೇ ಎಂದು ಗೊತ್ತಾದದ್ದು ಮಧ್ಯಾಹ್ನ.

ನಿಮ್ಮ ನಿಯಮ 9 ನಿಮಗೆ ನೆನಪಿರುತ್ತದೆ: ಮೂವತ್ತು ನಿಮಿಷ ಕಾಯುವುದು, ಆಮೇಲೆ ಪ್ರಯಾಣಿಕರ ಮೊಬೈಲ್‌ಗೆ ಫೋನ್ ಮಾಡುವುದು, ಅನಂತರವೇ ಗೈರುಹಾಜರಿ ಬರೆಯುವುದು. ಮೊದಲನೆಯದನ್ನು ಚಾಲಕ ಮಾಡಿದ, ಮೂವತ್ತಕ್ಕೆ ಬದಲು ನಲವತ್ತೈದು ನಿಮಿಷ. ಮೂರನೆಯದನ್ನು ನಿಮ್ಮ ಪ್ರವಾಸ ವ್ಯವಸ್ಥಾಪಕರು ಮಾಡಿದರು. ನಡುವಿನದನ್ನು ಯಾರಿಗೆ ಬಿಟ್ಟಿದ್ದಿರಿ?

ಈ ವ್ಯವಸ್ಥಾಪಕರನ್ನು ನೀವೇ ಬೆಂಗಳೂರಿನಿಂದ ಕರೆತಂದದ್ದು. 'ಕನ್ನಡ ಬಲ್ಲ ಅನುಭವಿ ಮಾರ್ಗದರ್ಶಿ' ಎಂದು ಜಾಹೀರಾತಿನಲ್ಲಿದ್ದವರು ಇವರೇ. ಕನ್ನಡ ಬಲ್ಲವರು ಹೌದು. ಅನುಭವದ ಮಾತು ಮುಂದೆ ಬರುತ್ತದೆ. ಎರಡರಿಂದ ಫೋನ್ ಮೇಲೆ ಫೋನ್ ಮಾಡಿದ ಮೇಲೆ 2.40ಕ್ಕೆ ಹೋಟೆಲಿಗೆ ಬಂದರು. ಲಾಬಿಯಲ್ಲಿ ಹತ್ತು ಹನ್ನೆರಡು ಜನರಿದ್ದರು, ನಮ್ಮದೇ ವಿಮಾನದಲ್ಲಿ ಬಂದಿದ್ದ ದಾವಣಗೆರೆಯ ದಂಪತಿಯೂ ಇದ್ದರು. ಅವರೆಲ್ಲರಿಗೂ ಕೇಳಿಸುವ ಹಾಗೆ, 'ನೀವು ಬೆಳಿಗ್ಗೆ ಬರಲಿಲ್ಲ, ಗೈರುಹಾಜರಿ ಹಾಕಿಯಾಗಿದೆ. ಈಗ ಗಾಡಿ ಬೇಕಾದರೆ 60 ಡಾಲರ್ ಕಟ್ಟಬೇಕು' ಎಂದರು. ನಾನು ಹಿಂದಿನ ರಾತ್ರಿಯ ಕರೆಯನ್ನು ವಿವರಿಸತೊಡಗಿದೆ. ಅವರು ಕೈಯೆತ್ತಿ ನನ್ನನ್ನು ತಡೆದು, ನನ್ನನ್ನು ಬಿಟ್ಟು, ನನ್ನ ಹೆಂಡತಿಯ ಕಡೆ ತಿರುಗಿದರು. ದನಿ ಇಳಿಸಿ, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರೊಂದಿಗೆ ಮಾತಾಡುವಂತೆ ಹೇಳಿದರು: 'ಅಮ್ಮಾ, ಈ ವಯಸ್ಸಿನಲ್ಲಿ ಗಂಟೆ ಗೊಂದಲವಾಗುವುದು ಸಹಜ. ಮುಂದಿನ ಸಲ ಫೋನ್ ನೀವೇ ಇಟ್ಟುಕೊಳ್ಳಿ.'

ದಾವಣಗೆರೆಯ ಮಹನೀಯರು ಗೋಡೆಯ ಮೇಲಿನ ಚಿತ್ರ ನೋಡುವ ನೆಪ ಮಾಡಿದರು. ಅಂಥ ಚಿತ್ರವೇನೂ ಅಲ್ಲಿರಲಿಲ್ಲ.

ನಾನು ಯಾರೆಂದು ಆ ಮಹಾಶಯರಿಗೆ ಗೊತ್ತಿರಬೇಕಾಗಿಲ್ಲ. ನಿಮಗೆ ತಿಳಿಸುತ್ತೇನೆ. ಮೂವತ್ತಮೂರು ವರ್ಷ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದವನು ನಾನು. ಯಾವ ಬಸ್ ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು, ಎಷ್ಟು ನಿಮಿಷ ತಡ, ಯಾಕೆ ತಡ ಎಂದು ಬರೆಯುವುದೇ ನನ್ನ ಕಸುಬು. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದ ರಾತ್ರಿಗಳಲ್ಲೂ ಬರೆದಿದ್ದೇನೆ. ನನ್ನ ಮೇಲೆ ಒಂದು ಮೆಮೊ ಇಲ್ಲ. ಅಂಥವನಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದು, ಮದುವೆಯಾಗಿ ನಲವತ್ತು ವರ್ಷವಾದ ಹೆಂಡತಿಯ ಎದುರು, ಪರದೇಶದಲ್ಲಿ ಹೇಳಿಸಿಕೊಳ್ಳಬೇಕಾಯಿತು. ಡಾಲರ್ ಎಣಿಸಿ ಕೊಟ್ಟೆ. ರಸೀದಿ ಕೇಳಿ ಪಡೆದೆ. ಅದಕ್ಕೂ 'ಸಣ್ಣ ಮೊತ್ತ ಸರ್' ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ, ಬರೆ ಹಾಕಿದ್ದಕ್ಕೆ ಎಮ್ಮೆಯಿಂದಲೇ ಕೂಲಿ ವಸೂಲು ಮಾಡುವುದನ್ನು ಕಂಡದ್ದು ಇದೇ ಮೊದಲು.

ಹಳೆಯ ಅಭ್ಯಾಸ ಬಿಡಲಿಲ್ಲ. ಅಂದಿನ ಸಂಚಾರವನ್ನೆಲ್ಲಾ ಡೈರಿಯಲ್ಲಿ ನಿಮಿಷ ಸಮೇತ ಬರೆದಿಟ್ಟಿದ್ದೇನೆ.

2.55ಕ್ಕೆ ಹೊರಟೆವು. 3.10ರಿಂದ 3.22ರವರೆಗೆ ಹೋಲಿ ಟ್ರಿನಿಟಿ ಕೆಥೆಡ್ರಲ್. ಹೈಲೆ ಸೆಲಾಸಿ ಚಕ್ರವರ್ತಿ ಮತ್ತು ರಾಣಿ ಮೆನೆನ್ ಅವರ ಗ್ರಾನೈಟ್ ಸಮಾಧಿಗಳು ಒಳಗಿವೆ. ನಿಮ್ಮ ಮಾರ್ಗದರ್ಶಿ ಮೊಬೈಲ್ ನೋಡಿಕೊಂಡು 'ಚಕ್ರವರ್ತಿ 1975ರಲ್ಲಿ ತೀರಿಕೊಂಡರು, ಇಲ್ಲಿ ಮಣ್ಣು ಮಾಡಿದರು' ಎಂದು ಓದಿ ಮುಗಿಸಿದರು. ಆ ಎರಡು ವಾಕ್ಯಗಳ ನಡುವೆ ಇಪ್ಪತ್ತೈದು ವರ್ಷಗಳಿವೆ. 1974ರ ಸೆಪ್ಟೆಂಬರ್ 12ರಂದು ಸೈನಿಕರು ಆತನನ್ನು ಪಟ್ಟದಿಂದ ಇಳಿಸಿ ಅರಮನೆಯಿಂದ ಒಂದು ಪುಟ್ಟ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಕೂರಿಸಿ ಕರೆದೊಯ್ದರು. ಅಪ್ಪ ಆಗ ಅದೇ ಊರಿನಲ್ಲಿದ್ದರು, ಆ ಕಾರಿನ ಮಾತನ್ನು ಸಾಯುವವರೆಗೂ ಹೇಳುತ್ತಿದ್ದರು. ಮೂಳೆಗಳು ಸಿಕ್ಕಿದ್ದು 1992ರಲ್ಲಿ, ಈ ಚರ್ಚಿಗೆ ಬಂದದ್ದು 2000ದ ನವೆಂಬರ್‌ನಲ್ಲಿ. ಇದನ್ನು ನಮಗೆ ಹೇಳಿದವನು ಬೆಳಿಗ್ಗೆಯ ಕಂದು ಕೋಟಿನ ಚಾಲಕ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು. ಅವನಿಗೆ ಸಂಬಳ ಕೊಡುವುದು ಗಾಡಿ ಓಡಿಸಲು ಎಂದು ನಿಮ್ಮವರು ನಡುವೆ ನೆನಪಿಸಿದರು.

3.35ರಿಂದ 3.53ರವರೆಗೆ ನ್ಯಾಷನಲ್ ಮ್ಯೂಸಿಯಂ. ಮನುಷ್ಯನ ಆದಿಪೂರ್ವಜರ ಕುಲದವಳಾದ 'ಲೂಸಿ'ಯ ಮುಂದೆ ನಿಂತು ನಿಮ್ಮ ಅನುಭವಿ ಮಾರ್ಗದರ್ಶಿ, 'ಇದು 32 ಲಕ್ಷ ವರ್ಷ ಹಿಂದಿನ ಅಸಲಿ ಮೂಳೆ' ಎಂದು ಘೋಷಿಸಿದರು. ವರ್ಷ ಸರಿ, ಮೂಳೆ ನಕಲು. ಹಡಾರ್‌ನಲ್ಲಿ 1974ರಲ್ಲಿ ಸಿಕ್ಕ ಅಸಲಿ ಮೂಳೆಗಳನ್ನು ಮ್ಯೂಸಿಯಂನವರು ಭದ್ರವಾಗಿ ಒಳಗಿಟ್ಟಿದ್ದಾರೆ, ಜನರಿಗೆ ತೋರಿಸುವುದು ಅಚ್ಚು ತೆಗೆದ ಪ್ರತಿಯನ್ನು. ಅಲ್ಲಿಯವರು ಆಕೆಯನ್ನು 'ದಿಂಕಿನೆಶ್' ಎನ್ನುತ್ತಾರೆ, 'ನೀನೊಂದು ಅಚ್ಚರಿ' ಎಂಬ ಅರ್ಥದಲ್ಲಿ. ಮೂರೂವರೆ ಅಡಿಯ ಆ ಜೀವದ ಮುಂದೆ ನನ್ನ ಹೆಂಡತಿ ಇನ್ನೂ ಐದು ನಿಮಿಷ ನಿಲ್ಲಬೇಕೆಂದಳು. 'ಅಂಗಡಿಗೆ ತಡವಾಗುತ್ತದೆ' ಎಂಬ ಉತ್ತರ ಬಂತು.

ಈಗ ಮೆಟ್ಟಿಲಿನ ಮಾತು. ನಿಜ ಹೇಳಬೇಕೆಂದರೆ ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ. ಮ್ಯೂಸಿಯಂನಿಂದ ಅದೇ ರಸ್ತೆಯಲ್ಲಿ ಸ್ವಲ್ಪ ಮೇಲಕ್ಕೆ ನಡೆದರೆ ಸಿದಿಸ್ತ್ ಕಿಲೊ ವೃತ್ತ. ನಡುವೆ ಎತ್ತರದ ಸ್ಮಾರಕ ಸ್ತಂಭ. 1937ರ ಫೆಬ್ರವರಿಯಲ್ಲಿ, ದೇಶವನ್ನು ಆಕ್ರಮಿಸಿಕೊಂಡಿದ್ದ ಇಟಲಿಯವರು ಮೂರು ದಿನ ಆ ಊರಿನ ಜನರನ್ನು ಕಂಡಲ್ಲಿ ಕೊಂದರಲ್ಲ, ಅವರ ನೆನಪಿಗೆ ನಿಲ್ಲಿಸಿದ್ದು. ಪಕ್ಕದಲ್ಲೇ ವಿಶ್ವವಿದ್ಯಾಲಯ, ಒಂದು ಕಾಲಕ್ಕೆ ಚಕ್ರವರ್ತಿಯ ಅರಮನೆ. ಅಂಗಳದಲ್ಲಿ ಸುರುಳಿಯಾಗಿ ಆಕಾಶಕ್ಕೆ ಏರಿ ಅಲ್ಲೇ ನಿಂತುಹೋದ ಕಾಂಕ್ರೀಟ್ ಮೆಟ್ಟಿಲುಗಳಿವೆ. ಮುಸೊಲಿನಿಯ ಆಳ್ವಿಕೆಯ ಹೆಗ್ಗಳಿಕೆಗೆ, ಅದರ ಒಂದೊಂದು ವರ್ಷಕ್ಕೆ ಒಂದೊಂದು ಮೆಟ್ಟಿಲಿನಂತೆ, ಇಟಲಿಯವರು ಕಟ್ಟಿಸಿದ್ದು. ಅವರು ತೊಲಗಿದ ಮೇಲೆ ಇಥಿಯೋಪಿಯಾದವರು ಅದನ್ನು ಕೆಡವಲಿಲ್ಲ, ತುದಿಯ ಮೆಟ್ಟಿಲ ಮೇಲೆ ತಮ್ಮ ಚಕ್ರವರ್ತಿಯ ಲಾಂಛನವಾದ ಸಿಂಹವನ್ನು ತಂದು ಕೂರಿಸಿದರು. ಇಷ್ಟು ಚೊಕ್ಕವಾದ ಉತ್ತರವನ್ನು ನಾನು ಬೇರೆಲ್ಲೂ ನೋಡಿಲ್ಲ. 1971ರಲ್ಲಿ ಆ ಮೆಟ್ಟಿಲುಗಳ ಮುಂದೆ ನಿಂತು ಅಪ್ಪ ತೆಗೆಸಿಕೊಂಡ ಫೋಟೊ ನಮ್ಮ ನಡುಮನೆಯಲ್ಲಿದೆ. ಅದರ ಪ್ರತಿ ನನ್ನ ಜೇಬಿನಲ್ಲಿತ್ತು. ಅದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆಸಿಕೊಳ್ಳಬೇಕೆಂಬುದೇ ಈ ಪ್ರವಾಸಕ್ಕೆ ನಾನು 23,600 ರೂಪಾಯಿ ಕಟ್ಟಿದ ಕಾರಣ. ಬುಕಿಂಗ್ ಮಾಡುವಾಗ 'ವಿಶೇಷ ಕೋರಿಕೆ' ಎಂಬ ಚೌಕದಲ್ಲಿ ಬರೆದೂ ಇದ್ದೆ. ಆ ಚೌಕವನ್ನು ಯಾರಾದರೂ ಓದುತ್ತಾರೆಯೋ, ಅಂದಕ್ಕೆ ಇಟ್ಟಿದ್ದೀರೋ, ತಿಳಿಸಿದರೆ ಉಪಕಾರ.

ಫೋಟೊ ತೋರಿಸಿ ಕೇಳಿದೆ. ಚಾಲಕ ಅದನ್ನು ನೋಡಿದವನೇ ಗಾಡಿಯನ್ನು ಆ ಕಡೆಗೆ ತಿರುಗಿಸಿದ. ನಿಮ್ಮವರು ನಿಲ್ಲಿಸಿದರು.

'ಅಲ್ಲೇನಿಲ್ಲ ಸರ್, ಬರೀ ಮೆಟ್ಟಿಲು. ಹತ್ತಿದರೆ ಎಲ್ಲಿಗೂ ಹೋಗುವುದಿಲ್ಲ.'

4.05ರಿಂದ 5.00ರವರೆಗೆ, ಐವತ್ತೈದು ನಿಮಿಷ, ಉಡುಗೊರೆ ಅಂಗಡಿ. ಎಂಟು ತಾಣಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ, ಆದರೆ ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ. 'ಸಾಂಪ್ರದಾಯಿಕ ಕಾಫಿ ಸಮಾರಂಭ'ವನ್ನೂ ಇಲ್ಲೇ ಮುಗಿಸಿದಿರಿ. ಹಸಿ ಹುಲ್ಲು ಹಾಸಿ, ಧೂಪ ಹಾಕಿ, ಕಣ್ಣೆದುರೇ ಬೀಜ ಹುರಿದು, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕಾಸಿ, ಅಬೊಲ್, ತೊನಾ, ಬರಕಾ ಎಂದು ಮೂರು ಸುತ್ತು ಕೊಡುವ ಕಾಫಿ ಅದು. ನಮಗೆ ಬಂದದ್ದು ಯಂತ್ರದ ಕಾಫಿ, ಕಾಗದದ ಲೋಟದಲ್ಲಿ, ಒಂದು ಸುತ್ತು. ನಾನು ಹಾಸನದವನು, ಪಕ್ಕದಲ್ಲೇ ಬಾಬಾಬುಡನ್‌ಗಿರಿ. ಕಾಫಿಯ ತವರಿಗೆ ಹೋಗಿ ಕಾಗದದ ಲೋಟ ನೆಕ್ಕಿ ಬಂದೆ ಎಂದು ಊರಿನಲ್ಲಿ ಹೇಳುವ ಹಾಗೂ ಇಲ್ಲ.

ಊಟದ ಬದಲು ಆಲೂಗಡ್ಡೆ ಚಿಪ್ಸಿನ ಎರಡು ಪೊಟ್ಟಣ. 'ಇಲ್ಲಿ ಶುದ್ಧ ಸಸ್ಯಾಹಾರ ಸಿಗುವುದಿಲ್ಲ' ಎಂಬ ವಿವರಣೆ. ಅಂದು ಬುಧವಾರ. ಬುಧವಾರ ಮತ್ತು ಶುಕ್ರವಾರ ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರಿಗೆ ವ್ರತದ ದಿನ: ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ. ನಮ್ಮ ದೋಸೆಯ ಅಕ್ಕನಂತಿರುವ ಇಂಜೆರಾದ ಮೇಲೆ ಬೇಳೆ, ಕಡಲೆ ಹಿಟ್ಟಿನ ಗೊಜ್ಜು, ಕೋಸಿನ ಪಲ್ಯ ಬಡಿಸಿ ಕೊಡುವ ಹೋಟೆಲುಗಳು ಬೀದಿ ಬೀದಿಯಲ್ಲಿವೆ. ಆ ದಿನವೇ, ಆ ಊರಿನಲ್ಲೇ ಸಸ್ಯಾಹಾರಿಯನ್ನು ಉಪವಾಸ ಕೆಡವಲು ನಿಜಕ್ಕೂ ಸಾಮರ್ಥ್ಯ ಬೇಕು.

ಉಳಿದದ್ದು ಬೇಗ ಹೇಳುತ್ತೇನೆ, ನೀವೂ ಬೇಗವೇ ಮುಗಿಸಿದಿರಿ. ಅದ್ವಾ ವಿಜಯದ ಸ್ಮಾರಕ ಮತ್ತು ಸೇಂಟ್ ಜಾರ್ಜ್ ಕೆಥೆಡ್ರಲ್ ಗಾಡಿಯ ಕಿಟಕಿಯಿಂದ. 1896ರಲ್ಲಿ ಯೂರೋಪಿನ ಸೈನ್ಯವೊಂದನ್ನು ಸೋಲಿಸಿದ ಜನರ ಕತೆಗೆ ನೀವು ಕೊಟ್ಟ ಸಮಯ ಒಂದು ಕೆಂಪು ದೀಪದಷ್ಟು. ಮೆರ್ಕಾಟೊ ಮಾರುಕಟ್ಟೆ ವಾಹನದಟ್ಟಣೆಯಿಂದ ರದ್ದು. ಎಂಟೊಟೊ ಬೆಟ್ಟ ರದ್ದು. ವಿಶ್ವವಿದ್ಯಾಲಯದ ಮ್ಯೂಸಿಯಂ ರದ್ದು. ಸೈನಿಕ ಆಳ್ವಿಕೆಯ ಹತ್ಯೆಗಳ ನೆನಪಿಗಿರುವ, ಮೆಸ್ಕೆಲ್ ಚೌಕದ ರೆಡ್ ಟೆರರ್ ಮ್ಯೂಸಿಯಂ ತಲುಪುವ ಹೊತ್ತಿಗೆ ಬಾಗಿಲು ಹಾಕಿತ್ತು. 6.10ಕ್ಕೆ ಹೋಟೆಲ್. ಎಂಟು ಗಂಟೆಗೆ ಹಣ ಪಡೆದು ಮೂರೂಕಾಲು ಗಂಟೆ, ಎಂಟು ತಾಣಗಳಲ್ಲಿ ಕಾಲಿಟ್ಟದ್ದು ಎರಡರಲ್ಲಿ. ಇಳಿಯುವಾಗ ಚಾಲಕ ಬೆಳಗಿನ ಆ ಕಾಗದವನ್ನು ಮಡಚಿದ್ದನ್ನು ಬಿಚ್ಚಿ ತೋರಿಸಿ, 'ನಾನು ಎರಡಕ್ಕೇ ಬಂದಿದ್ದೆ' ಎಂದ. ನಾನು ಅವನ ಕೈ ಹಿಡಿದು ಹೌದು ಎಂದೆ. ಅಂದು ಸಮಯಕ್ಕೆ ಸರಿಯಾಗಿ ಬಂದವನು ಅವನೊಬ್ಬನೇ. ಅವನ ಸಂಬಳದಲ್ಲಿ ಬಿಡಿಗಾಸು ಹಿಡಿದಿರೆಂದು ಗೊತ್ತಾದರೆ ಅದಕ್ಕೆ ಬೇರೆ ಪತ್ರ ಬರುತ್ತದೆ.

ಹಣ ವಾಪಸ್ ಕೊಟ್ಟರೆ ಸಾಕು ಎಂದು ಡಿಸೆಂಬರ್‌ನಲ್ಲಿ ಹೇಳಿದ್ದೆ. ಆ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ 23,600 ರೂಪಾಯಿ ಮತ್ತು 60 ಡಾಲರ್ ಜೊತೆಗೆ, ಲಾಬಿಯಲ್ಲಿ ಆಡಿದ ಮಾತಿಗೆ ಲಿಖಿತ ಕ್ಷಮಾಪಣೆ ಬರಬೇಕು. ಕ್ಷಮಾಪಣೆ ನನ್ನ ಹೆಂಡತಿಯ ಹೆಸರಿಗಿರಲಿ, ಮಾತು ಆಡಿದ್ದು ಅವರೊಂದಿಗೆ ತಾನೇ. ಹದಿನೈದು ದಿನ ನಮ್ಮ ಪಂಚಾಂಗದ್ದು. ಇಥಿಯೋಪಿಯಾದ ಪಂಚಾಂಗ ನಮಗಿಂತ ಏಳೆಂಟು ವರ್ಷ ಹಿಂದಿದೆ, ಅದರ ಲೆಕ್ಕ ಹಿಡಿಯಬೇಡಿ.

ಬರದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿ ಸೇವಾ ನ್ಯೂನತೆಯ ದೂರು ದಾಖಲಾಗುತ್ತದೆ. 2019ರ ಕಾಯ್ದೆಯಂತೆ ಗ್ರಾಹಕ ತಾನಿರುವ ಊರಿನಲ್ಲೇ ದೂರು ಕೊಡಬಹುದು, ಆದ್ದರಿಂದ ಪ್ರತಿ ತಾರೀಕಿಗೂ ಬೆಂಗಳೂರಿನಿಂದ ಬರಬೇಕಾದವರು ನೀವು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ನಾನೇ ವಾದಿಸುತ್ತೇನೆ. 11ರ ರಾತ್ರಿಯ ಧ್ವನಿಮುದ್ರಣವನ್ನು ಹಾಜರುಪಡಿಸಿ ಎಂಬುದೇ ನನ್ನ ಮೊದಲ ಅರ್ಜಿ. ಅದು ಅಳಿಸಿಹೋಗಿದೆ ಎನ್ನುವವರಿದ್ದರೆ ಯಾವ ಗಂಟೆಗೆ ಅಳಿಸಿತು ಎಂದು ಕೇಳುತ್ತೇನೆ, ನಮ್ಮ ಗಂಟೆಯಲ್ಲೂ, ಅವರ ಗಂಟೆಯಲ್ಲೂ. ನಿಮ್ಮ ಸಂಸ್ಥೆಯ ಹೆಸರು ಸದ್ಯ ಲಕೋಟೆಯ ಮೇಲೆ ಮಾತ್ರ ಇದೆ. ಹದಿನಾರನೆಯ ದಿನ ಅದು ಇನ್ನೂ ಎಲ್ಲೆಲ್ಲಿ ಇರಬೇಕೆಂಬ ಪಟ್ಟಿ ಸಿದ್ಧವಾಗಿದೆ, ನಮ್ಮ ನಿವೃತ್ತ ನೌಕರರ ಸಂಘದ ಸೂಚನಾ ಫಲಕದಿಂದ ಶುರುವಾಗುತ್ತದೆ. ಅಲ್ಲಿ ಈ ವರ್ಷ ವಿದೇಶ ಪ್ರವಾಸಕ್ಕೆ ಹೊರಟವರೇ ನಲವತ್ತು ಜನ.

ಇಂತಿ,
ನಿಮ್ಮ ಪುಸ್ತಕದಲ್ಲಿ 'ಗೈರುಹಾಜರು' ಎಂದು ದಾಖಲಾಗಿರುವ ಗ್ರಾಹಕ

ಲಗತ್ತು: 60 ಡಾಲರ್ ರಸೀದಿಯ ಪ್ರತಿ, ಡೈರಿಯ ಎರಡು ಪುಟ, ಮತ್ತು ನಿಮ್ಮ ಶೇ. 10ರ ಕೂಪನ್ (ಬಳಸಿಲ್ಲ).