ಅಕ್ಕನ ಮಗನಿಗೆ, ಕಬ್ಬಿಣದ ಕಾರುಗಳ ಕುರಿತು

ಬೆಳಗಾವಿ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ನೀನು ಕಳುಹಿಸಿದ, ಬೀಡು ಕಬ್ಬಿಣದ ಆಟಿಕೆ ಹಳದಿ ಟ್ಯಾಕ್ಸಿಯ ಫೋಟೋಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಬೇಸರ ಮಾಡಿಕೊಳ್ಳಬೇಡ, ಅದು ನಕಲು. ಅಮೆರಿಕದ ಇಲಿನಾಯ್ ರಾಜ್ಯದ ಫ್ರೀಪೋರ್ಟಿನಲ್ಲಿದ್ದ ಆರ್ಕೇಡ್ ಎಂಬ ಆಟಿಕೆ ಕಂಪನಿ 1920ರ ದಶಕದಲ್ಲಿ ಮಾಡಿದ್ದೆಂದು ಹೇಳಿ ನಿನಗೆ ಮಾರಿದ್ದಾರೆ. ಅದರ ಹೊಟ್ಟೆಯಡಿ ಇರುವುದು ಸ್ಟಾರ್ ಸ್ಕ್ರೂ, ತಲೆಯಲ್ಲಿ ಪ್ಲಸ್ ಗುರುತಿನ ಗಾಡಿ ಇರುವ ತಿರುಪು. ಆ ಬಗೆಯ ತಿರುಪು ಬಳಕೆಗೆ ಬಂದದ್ದೇ 1930ರ ದಶಕದ ನಡುವಿನಲ್ಲಿ. ಹಳಬರು ಕಾರಿನ ಎಡ, ಬಲ ಹೋಳುಗಳನ್ನು ಬೇರೆಬೇರೆಯಾಗಿ ಎರಕ ಹೊಯ್ದು, ನಡುವೆ ರಿವೆಟ್ ತೂರಿಸಿ, ಅದರ ತಲೆ ಬಡಿದು ಕೂಡಿಸುತ್ತಿದ್ದರು.

ಇನ್ನೊಂದು ಗುಟ್ಟಿದೆ. ಜೀವಮಾನವೆಲ್ಲ ಫೌಂಡ್ರಿಗೆ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಮಾದರಿ, ಮಾಡಿಕೊಟ್ಟವನ ಮಾತು, ನಂಬು. ಕರಗಿದ ಬೀಡು ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ಅದಕ್ಕಾಗಿಯೇ ನಾವು ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡುತ್ತೇವೆ. ನಕಲು ಮಾಡುವವನಿಗೆ ಆ ಹಳೆಯ ಪ್ಯಾಟರ್ನ್ ಎಲ್ಲಿಂದ ಸಿಗಬೇಕು? ಅಸಲಿ ಕಾರನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾನೆ. ಹಾಗೆ ಹೊಯ್ದ ಕಾರು ಇಪ್ಪತ್ತು ಸೆಂಟಿಮೀಟರಿಗೆ ಎರಡು ಮಿಲಿಮೀಟರಿನಷ್ಟು ಗಿಡ್ಡವಾಗುತ್ತದೆ. ಕಣ್ಣು ಮೋಸ ಹೋಗಬಹುದು, ಅಳತೆ ಹೋಗುವುದಿಲ್ಲ.

ಕೈಯನ್ನೂ ಪಳಗಿಸಿಕೋ. ಅಂದಿನ ಮೋಲ್ಡರುಗಳು, ಅಂದರೆ ಮರಳಿನ ಅಚ್ಚು ಕಟ್ಟುವವರು, ನುಣುಪು ಮರಳು ಬಳಸುತ್ತಿದ್ದರು. ಅಸಲಿಯ ಮೈ ನಯವಾಗಿರುತ್ತದೆ, ಹೋಳುಗಳ ಕೂಡು ಉಗುರಿಗೆ ಸಿಗದಷ್ಟು ಬಿಗಿ. ನಕಲಿನ ಮೈ ರವೆ ಚೆಲ್ಲಿದಂತೆ ತರಿತರಿ. ಹಳೆಯ ತುಕ್ಕು ಕಡುಕಂದು. ಕೇಸರಿ ಬಣ್ಣದ ತುಕ್ಕು ಕಂಡರೆ ಹಣ ಜೇಬಿನಲ್ಲೇ ಇರಲಿ. ನೀನಿರುವ ಲ್ಯಾಂಕಾಸ್ಟರೇ ಇಂಥ ಆಟಿಕೆ ಕಾರುಗಳನ್ನು ಮಾಡುತ್ತಿದ್ದ ಹಬ್ಲಿ ಕಂಪನಿಯ ಊರು. ಎಂತಹ ಅದೃಷ್ಟ! ಅಲ್ಲಿನ ಹರಾಜುಗಳಿಗೆ ಹೋಗು, ಐವತ್ತು ಕಾರುಗಳನ್ನು ಮುಟ್ಟಿ ನೋಡಿದ ಮೇಲೆ ಒಂದನ್ನು ಕೊಳ್ಳು.

ಬಣ್ಣ ಸುಲಿದ ಕಾರಿಗೆ ಹೊಸ ಬಣ್ಣ ಬಳಿಸುತ್ತೇನೆ ಎಂದು ಬರೆದಿದ್ದೀಯೆ. ದಯವಿಟ್ಟು ಬೇಡ. ಬೆಲೆ ಬಿದ್ದುಹೋಗುವುದು ಹಾಗಿರಲಿ. ಬಾಗಿಲ ಅಂಚಿನಲ್ಲಿ, ಛಾವಣಿಯ ಮೇಲೆ ಬಣ್ಣ ಸವೆದದ್ದು ಯಾವುದೋ ಮಗು ಅಲ್ಲಿ ಹಿಡಿದು ನೆಲದ ಮೇಲೆ ಓಡಿಸಿದ್ದರಿಂದ. ಕೆಳಗಡೆ ಅರ ಉಜ್ಜಿದ ಗೀರು ಇದ್ದರೆ ಅದು ನನ್ನಂಥ ಒಬ್ಬ ಕೆಲಸಗಾರನದು. ಅವನ ಹೆಸರು ಎಲ್ಲಿಯೂ ಬರೆದಿಲ್ಲ, ಆ ಗೀರು ಮಾತ್ರ ಉಳಿದಿದೆ. ಅದನ್ನು ಮುಚ್ಚಬೇಡ. ಯುದ್ಧಕ್ಕೆ ಲೋಹ ಬೇಕೆಂದು 1942ರಲ್ಲಿ ಅಮೆರಿಕ ಲೋಹದ ಆಟಿಕೆಗಳನ್ನು ನಿರ್ಬಂಧಿಸಿತು. ಯುದ್ಧ ಮುಗಿದ ಮೇಲೆ ಸತುವಿನ ಹಗುರ ಆಟಿಕೆಗಳು ಬಂದವು, ಈ ಕೈಗಳಿಗೆ ಕೆಲಸ ಉಳಿಯಲಿಲ್ಲ.

ನೀರಿನಲ್ಲಿ ತೊಳೆಯಬೇಡ, ಒಣ ಬಟ್ಟೆ ಸಾಕು. ಬೀಡು ಕಬ್ಬಿಣ ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ಕೆಳಗಿನ ಕಪಾಟಿನಲ್ಲಿಡು, ಆದರೆ ಬೀಗ ಹಾಕು. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ನಿನ್ನ ಮಗುವಿಗೆ ಈಗ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು.

ಮುಂದಿನ ತಿಂಗಳು ನಿನ್ನ ಅಮ್ಮ ಅಲ್ಲಿಗೆ ಬರುವಾಗ ಕಾರುಗಳನ್ನು ಕರಾರುವಾಕ್ಕಾಗಿ ಅಳೆಯಲು ನನ್ನ ವರ್ನಿಯರ್ ಕ್ಯಾಲಿಪರ್ ಕೊಟ್ಟು ಕಳುಹಿಸುತ್ತೇನೆ. ಎಣ್ಣೆ ಹಾಕಿ ಇಟ್ಟಿದ್ದೇನೆ.

ಇತಿ ನಿನ್ನ ಮಾವ