ತಿನ್ನುವವರಿಗೆ ಬುದ್ಧಿ ಆಮೇಲೆ, ಮೊದಲು ಅಂಗಡಿಯ ಶೆಲ್ಫ್ ನೋಡೋಣ

ಸಂಪಾದಕರೇ,

ಯಾವ ಪತ್ರಿಕೆಯ ಆರೋಗ್ಯದ ಪುಟ ತೆಗೆದರೂ ಅದೇ ಮಾತು. ಉಪ್ಪು ಕಡಿಮೆ ಮಾಡಿ, ಸಕ್ಕರೆ ಬಿಡಿ, ಹಣ್ಣು ತರಕಾರಿ ಜಾಸ್ತಿ ತಿನ್ನಿ. ಸರಿ, ಒಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಅಂತಲೇ ಹೇಳುತ್ತದೆ. ಆದರೆ ಕೆಲಸ ಮುಗಿಸಿ, ಸುಸ್ತಾಗಿ, ಹೊಟ್ಟೆ ಹಸಿದು ದಾರಿಯಲ್ಲಿ ಸಿಕ್ಕ ಅಂಗಡಿಗೆ ನುಗ್ಗಿದವನಿಗೆ ಅಲ್ಲಿ ಕಾಣುವುದೇ ಚಿಪ್ಸ್, ಬಿಸ್ಕತ್ತು, ಬಣ್ಣದ ಸಿಹಿನೀರು. ಮೂಲೆಯಲ್ಲಿ ನಾಲ್ಕು ಬಾಡಿದ ಹಣ್ಣು. ಅವನಿಗೆ ಬುದ್ಧಿ ಹೇಳಿ ಏನು ಬಂತು?

ಜನ ಏನು ತಿನ್ನುತ್ತಾರೆ ಅಂತ ಕೇಳುವ ಮೊದಲು ಅವರಿಗೆ ಏನು ಸಿಗುತ್ತಿದೆ ಅಂತ ನೋಡಬೇಕು. ಸುಮ್ನೆ ನೋಡುವುದಲ್ಲ, ಕೈಯಲ್ಲಿ ಕಾಗದ ಪೆನ್ನು ಹಿಡಿದು ಬರೆದುಕೊಳ್ಳಬೇಕು. ಇದೇನೂ ನನ್ನ ತಲೆಯಿಂದ ಬಂದದ್ದಲ್ಲ. 2007ರಲ್ಲೇ ಅಮೆರಿಕದ ಸಂಶೋಧಕಿ ಕ್ಯಾರನ್ ಗ್ಲಾಂಝ್ ಮತ್ತು ಜೊತೆಗಾರರು ಇದಕ್ಕೇ ಅಂತ ಅಳತೆಪಟ್ಟಿಗಳನ್ನು ಪ್ರಕಟಿಸಿದರು, ಅಂಗಡಿಗೆ ಒಂದು, ಹೋಟೆಲಿಗೆ ಒಂದು. ನೆಮ್ಸ್ ಅನ್ನುತ್ತಾರೆ. ಅಂಗಡಿಯ ಪಟ್ಟಿ ಕೇಳುವುದು ಮುಖ್ಯವಾಗಿ ಮೂರೇ ಪ್ರಶ್ನೆ. ಒಳ್ಳೆಯದು ಇದೆಯಾ, ಬೆಲೆ ಎಷ್ಟು, ತಿನ್ನುವ ಹಾಗಿದೆಯಾ?

ಬೆಲೆಯ ಪ್ರಶ್ನೆಯಲ್ಲೇ ಮಜಾ ಇರುವುದು. ಒಂದೇ ಬಗೆಯ ಎರಡು ಪದಾರ್ಥ ಅಕ್ಕಪಕ್ಕ ಇಟ್ಟು ನೋಡಬೇಕು. ಮಾಮೂಲಿ ಬ್ರೆಡ್ಡು, ಇಡೀ ಧಾನ್ಯದ (ಹೊಟ್ಟು ತೆಗೆಯದ ಹಿಟ್ಟಿನ) ಬ್ರೆಡ್ಡು. ಎರಡೂ ಇದ್ದು ಎರಡನೆಯದಕ್ಕೆ ದುಡ್ಡು ಜಾಸ್ತಿ ಅಂದರೆ, ಬಡವನ ಪಾಲಿಗೆ ಅದು ಇದ್ದೂ ಇಲ್ಲದ ಹಾಗೆ. (ಬ್ರೆಡ್ಡು ಕಂದು ಬಣ್ಣಕ್ಕಿದೆ ಅಂತ ಮೋಸ ಹೋಗಬೇಡಿ. ಪೊಟ್ಟಣ ತಿರುಗಿಸಿ. ಪದಾರ್ಥಗಳನ್ನು ತೂಕದ ಲೆಕ್ಕದಲ್ಲಿ, ಜಾಸ್ತಿ ಇರುವುದನ್ನು ಮೊದಲು ಬರೆದಿರುತ್ತಾರೆ. ಮೊದಲ ಹೆಸರೇ ಮೈದಾ ಆಗಿದ್ದರೆ ಅದು ಬಣ್ಣ ಬಳಿದುಕೊಂಡ ಮೈದಾ, ಅಷ್ಟೇ.)

ನಾನಾಗಿದ್ದರೆ ನಾಲ್ಕನೆಯ ಪ್ರಶ್ನೆಯೊಂದನ್ನು ಸೇರಿಸುತ್ತೇನೆ. ಯಾವುದನ್ನು ಎಲ್ಲಿ ಇಟ್ಟಿದ್ದಾರೆ? ದುಡ್ಡು ಕೊಡಲು ಸಾಲಲ್ಲಿ ನಿಂತಾಗ ಕೈಗೆ ಸಿಗುವ ಹಾಗೆ ಚಾಕೊಲೇಟು, ಅದೂ ಮಗುವಿನ ಕಣ್ಣಿನ ಎತ್ತರಕ್ಕೆ. ಇದು ತಾನಾಗಿಯೇ ಆದದ್ದು ಅಂತ ಯಾರಾದರೂ ನಂಬುತ್ತಾರಾ? ಅಮೆರಿಕದ ಬರ್ಕ್ಲಿ ನಗರ 2020ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ದೊಡ್ಡ ಅಂಗಡಿಗಳು ಬಿಲ್ ಕೌಂಟರಿನ ಹತ್ತಿರ ಇಡುವ ತಿಂಡಿಯಲ್ಲಿ, ಒಂದು ಸಲಕ್ಕೆ ತಿನ್ನುವ ಪ್ರಮಾಣಕ್ಕೆ, ಸೇರಿಸಿದ ಸಕ್ಕರೆ 5 ಗ್ರಾಂ ಮತ್ತು ಸೋಡಿಯಂ (ಉಪ್ಪಿನಲ್ಲಿರುವ ಅಂಶ) 200 ಮಿಲಿಗ್ರಾಂ ದಾಟಬಾರದು. ಚಾಕೊಲೇಟು ಮಾರಬೇಡಿ ಅಂತ ಯಾರೂ ಹೇಳಲಿಲ್ಲ, ಬೇಕಾದವರು ಒಳಗೆ ಹೋಗಿ ತಗೊಳ್ಳಲಿ ಅಂದರು.

ಹಾಗಂತ ಅಂಗಡಿಯವರನ್ನು ಬೈದರೆ ಕೆಲಸ ಆಗುವುದಿಲ್ಲ. ಅವರ ಜಾಗದಲ್ಲಿ ನಿಂತು ಯೋಚಿಸಿ. ಚಿಪ್ಸ್ ಪೊಟ್ಟಣ ತಿಂಗಳುಗಟ್ಟಲೆ ಕೆಡದೆ ಕೂತಿರುತ್ತದೆ, ಸೊಪ್ಪು ಎರಡನೇ ದಿನಕ್ಕೆ ಕಸದ ಬುಟ್ಟಿ, ಅದರ ನಷ್ಟ ಪೂರ್ತಿ ಅವರದೇ ತಲೆಗೆ. ತಂಪು ಪಾನೀಯದ ಕಂಪನಿಗಳು ಫ್ರಿಜ್ ಕೊಟ್ಟು ಅದರಲ್ಲಿ ತಮ್ಮ ಬಾಟಲಿ ಮಾತ್ರ ಇರಲಿ ಅನ್ನುತ್ತವೆ, ಹಣ್ಣು ತರಕಾರಿಗೆ ಅಂತ ಯಾರು ಫ್ರಿಜ್ ಕೊಡುತ್ತಾರೆ ಹೇಳಿ? ಇಲ್ಲಿ ಸರಕಾರದ ಕೈ ಬೇಕು. ಅಮೆರಿಕದಲ್ಲಿ ತಾಯಿ ಮಕ್ಕಳಿಗೆ ಆಹಾರ ಕೊಡುವ ವಿಕ್ ಯೋಜನೆಯ ಪಟ್ಟಿಗೆ 2009ರಲ್ಲಿ ಹಣ್ಣು, ತರಕಾರಿ, ಇಡೀ ಧಾನ್ಯ ಸೇರಿಸಿದರು. ಆ ಯೋಜನೆಯ ಗಿರಾಕಿ ಬೇಕು ಅಂದರೆ ಇವನ್ನೆಲ್ಲ ಇಟ್ಟುಕೊಳ್ಳಲೇಬೇಕು. ಸಣ್ಣ ಅಂಗಡಿಗಳೂ ಇಡಲು ಶುರು ಮಾಡಿದವು. ಕೊಳ್ಳುವವರು ಗ್ಯಾರಂಟಿ ಅಂತ ಗೊತ್ತಾದರೆ ಯಾವ ವ್ಯಾಪಾರಿ ಬೇಡ ಅಂತಾನೆ?

ಇನ್ನು ಹೋಟೆಲು. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಓದಬಹುದು, ತಟ್ಟೆಯನ್ನು ತಿರುಗಿಸಿ ಓದಲು ಆಗುತ್ತಾ? ಅದರಲ್ಲಿ ಎಷ್ಟು ಉಪ್ಪು, ಎಂಥಾ ಎಣ್ಣೆ, ಎಷ್ಟು ಸಲ ಕಾಯಿಸಿದ್ದು, ಯಾವುದೂ ಕಾಣುವುದಿಲ್ಲ. ಹಾಗಾಗಿ ಕಾಣುವುದನ್ನು ಬರೆದುಕೊಳ್ಳಿ. ಅರ್ಧ ತಟ್ಟೆ ಕೊಡುತ್ತಾರಾ? ಇಬ್ಬರು ಹಂಚಿಕೊಂಡರೆ ಮುಖ ಗಂಟು ಹಾಕುತ್ತಾರಾ? ಕುಡಿಯುವ ನೀರು ಕೇಳದೆ ಬರುತ್ತದಾ? ಊಟದ ಜೊತೆ ಪಾನೀಯ ಬೇಡ ಅಂದರೆ ಬೆಲೆ ಇಳಿಯುತ್ತದಾ, ಇಲ್ಲ ಅಷ್ಟೇ ಕೊಡಬೇಕಾ? ಮಕ್ಕಳ ಮೆನುವಿನಲ್ಲಿ ಕರಿದದ್ದು ಬಿಟ್ಟು ಬೇರೆ ಏನಾದರೂ ಇದೆಯಾ? ಈ ಕೊನೆಯದಕ್ಕೆ ಉತ್ತರ ನಿಮಗೇ ಗೊತ್ತು ಅಲ್ವಾ.

ಉಪ್ಪು ಕಮ್ಮಿ ಮಾಡಿದರೆ ಗಿರಾಕಿ ಓಡಿಹೋಗುತ್ತಾರೆ ಅನ್ನುವುದು ಹೋಟೆಲಿನವರ ಭಯ. ಒಂದೇ ದಿನಕ್ಕೆ ಅರ್ಧ ಮಾಡಿದರೆ ಓಡುತ್ತಾರೆ, ನಿಜ. ಬ್ರಿಟನ್ನಿನಲ್ಲಿ ಬ್ರೆಡ್ಡಿನ ಉಪ್ಪನ್ನು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರು, ತಿನ್ನುವವರ ನಾಲಿಗೆಯೂ ಅದಕ್ಕೆ ಒಗ್ಗಿಕೊಂಡಿತು. ಡೆನ್ಮಾರ್ಕ್ 2003ರಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬಿಗೆ (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟದಾದ ಕೊಬ್ಬು) ಮಿತಿ ಹಾಕಿತು, 100 ಗ್ರಾಂ ಕೊಬ್ಬಿನಲ್ಲಿ 2 ಗ್ರಾಂ ದಾಟಬಾರದು ಅಂತ. ಅಲ್ಲಿನ ಜನ ಇದಕ್ಕಾಗಿ ಏನನ್ನೂ ಓದಬೇಕಾಗಲಿಲ್ಲ, ಯಾವ ಪಥ್ಯವನ್ನೂ ಮಾಡಬೇಕಾಗಲಿಲ್ಲ. ನನಗೆ ಇಂಥ ಬದಲಾವಣೆಯ ಮೇಲೇ ನಂಬಿಕೆ ಜಾಸ್ತಿ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ಆರೋಗ್ಯದ ಪುಟದಲ್ಲಿ ಒಂದು ವಾರ ಸಲಹೆ ಬಿಟ್ಟು, ಆ ಜಾಗದಲ್ಲಿ ಈ ಪ್ರಶ್ನೆಗಳ ಖಾಲಿ ಪಟ್ಟಿ ಅಚ್ಚು ಹಾಕಿ. ಓದುಗರು ತಮ್ಮ ತಮ್ಮ ಬೀದಿಯಲ್ಲಿ ತುಂಬಿ ಕಳಿಸಲಿ. ಅಂಗಡಿಯವರ ಹತ್ತಿರ ಮೊದಲೇ ಹೇಳಿ ಹೋಗಬೇಕು, ಕದ್ದು ಬರೆಯುವುದು ಬೇಡ. ಅಂಗಡಿ ಹೋಟೆಲುಗಳ ಹೆಸರನ್ನೂ ಹಾಕಬೇಡಿ. ಆರು ತಿಂಗಳು ಬಿಟ್ಟು ಅದೇ ಜಾಗಗಳಿಗೆ ಅದೇ ಪಟ್ಟಿ ಹಿಡಿದು ಇನ್ನೊಮ್ಮೆ ಹೋಗೋಣ. ಮೊದಲ ಪಟ್ಟಿ ತುಂಬಿ ಕಳಿಸುವ ಕೆಲಸ ನನಗಿರಲಿ.

ಇಂತಿ,
ನಿಮ್ಮ ಓದುಗ