ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಾಠವೂ ನಡೆಯಲಿ

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳಲ್ಲಿ ವಾಟ್ಸ್‌ಆ್ಯಪ್ ಗುಂಪಿಲ್ಲದ ತರಗತಿ ಈಗ ಸಿಗುವುದು ಕಷ್ಟ. ಅದರಲ್ಲಿ ಬರುವುದೇನು? ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ, ಪ್ರವೇಶ, ಪರೀಕ್ಷೆಗಳ ಸರ್ಕಾರಿ ಜಾಲತಾಣವಾದ ಯುಯುಸಿಎಂಎಸ್‌ನಲ್ಲಿ ನೋಂದಣಿ, ವಿದ್ಯಾರ್ಥಿವೇತನದ ಅರ್ಜಿ, ರಜೆಯ ಸುತ್ತೋಲೆ. ಅಡ್ಮಿನ್ ಮಾತ್ರ ಸಂದೇಶ ಹಾಕುವ ವ್ಯವಸ್ಥೆ 2018ರಲ್ಲಿ ಬಂದ ಮೇಲೆ ಎಷ್ಟೋ ಗುಂಪುಗಳಲ್ಲಿ ವಿದ್ಯಾರ್ಥಿಗಳ ಬಾಯಿಗೆ ಬೀಗ ಬಿದ್ದಿದೆ. ಶುಭೋದಯದ ಚಿತ್ರಗಳ ಕಾಟ ತಪ್ಪಲೆಂದು ಹಾಗೆ ಮಾಡುತ್ತಾರೆ, ನಿಜ. ಆದರೆ ಪಾಠದ ಬಗ್ಗೆ ಮಾತಾಡಲು ಪ್ರತಿ ವಿಷಯಕ್ಕೂ ಒಂದು ಗುಂಪಾದರೂ ತೆರೆದಿರಬೇಕು.

ನಾನು ಕಲಬುರಗಿ ಜಿಲ್ಲೆಯಲ್ಲಿ ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮ ಬಹುಪಾಲು ಮಕ್ಕಳು ತೊಗರಿ ಬೆಳೆಯುವ ಮನೆಗಳವರು. 2025–26ರ ಹಂಗಾಮಿನಲ್ಲಿ ರಾಶಿ ಮುಗಿದು ಮಾಲು ಮಾರುಕಟ್ಟೆಗೆ ಹೊರಟ ದಿನಗಳಲ್ಲಿ, ‘ನಿಮ್ಮೂರಲ್ಲಿ ಇವತ್ತು ಕ್ವಿಂಟಲ್‌ಗೆ ಏನು ರೇಟು, ಕೊಂಡವರು ಊರಿನ ವ್ಯಾಪಾರಿಯೋ ಅಡತ್ (ದಲ್ಲಾಳಿ) ಅಂಗಡಿಯವರೋ, ಗುಂಪಿನಲ್ಲಿ ಬರೆಯಿರಿ’ ಎಂದೆ. ಆಳಂದ, ಸೇಡಂ, ಚಿತ್ತಾಪುರ ಕಡೆಯ ಹಳ್ಳಿಗಳಿಂದ ದರಗಳು ಬರತೊಡಗಿದವು. ಕೆಲವರು ಹೆಸರು, ಫೋನ್ ನಂಬರ್ ಮುಚ್ಚಿ ಪಟ್ಟಿಯ, ಅಂದರೆ ಮಾರಾಟದ ಲೆಕ್ಕದ ಚೀಟಿಯ, ಫೋಟೊ ಹಾಕಿದರು. ಹಮಾಲಿ ಎಷ್ಟು, ತೂಕದಲ್ಲಿ ಕಡಿತ ಎಷ್ಟು, ಕೊನೆಗೆ ರೈತನ ಕೈಗೆ ಬಂದದ್ದೆಷ್ಟು, ಎಲ್ಲ ಅದರಲ್ಲಿತ್ತು. ತರಗತಿಯಲ್ಲಿ ಎಂದೂ ಬಾಯಿಬಿಡದ ಹುಡುಗಿಯೊಬ್ಬಳು ಅಂದು ರಾತ್ರಿ ವಾಯ್ಸ್ ಮೆಸೇಜ್ ಹಾಕಿದಳು: ‘ಮೇಡಂ, ಬೆಂಬಲ ಬೆಲೆ 8,000 ಅಂತಾರಲ್ರೀ, ಮತ್ತ ನಮ್ಮಪ್ಪ ಯಾಕ ಕಮ್ಮಿಗಿ ಕೊಟ್ಟಾನ?’ ನಾನು ಉತ್ತರಿಸುವ ಮೊದಲೇ ಇನ್ನೊಬ್ಬ ಬರೆದ, ಬೆಂಬಲ ಬೆಲೆಗೆ ಕೊಳ್ಳುವ ಸರ್ಕಾರಿ ಖರೀದಿ ಕೇಂದ್ರ ಶುರುವಾಗುವ ತನಕ ಕಾಯಲು ತಮ್ಮ ಮನೆಯಲ್ಲೂ ಆಗಲಿಲ್ಲ, ಸಾಲ ಕಟ್ಟಬೇಕಿತ್ತು ಎಂದು. ಮರುದಿನ ಬೋರ್ಡಿನ ಮೇಲೆ ಬೇಡಿಕೆ–ಪೂರೈಕೆಯ ರೇಖೆ ಎಳೆದಾಗ, ಕಾಯುವ ಶಕ್ತಿ ಇಲ್ಲದ ಮಾರಾಟಗಾರ ಆ ರೇಖೆಯ ಮೇಲೆ ಎಲ್ಲಿ ನಿಲ್ಲುತ್ತಾನೆ ಎಂದು ಕೇಳಿದವರು ಅವರೇ. ಪಠ್ಯಪುಸ್ತಕ ಹಿಡಿದು ಎಷ್ಟು ವರ್ಷ ಪಾಠ ಮಾಡಿದರೂ ಇಂಥ ಪ್ರಶ್ನೆ ನನಗೆ ಎದುರಾಗಿರಲಿಲ್ಲ.

ಪಾಠವನ್ನು ಹೀಗೆ ಆನ್‌ಲೈನ್‌ಗೆ ಒಯ್ಯುವುದು ಹೊಸದೇನಲ್ಲ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮಂಗಳೂರಿನ ಸೇಂಟ್ ಅಲೋಶಿಯಸ್‌ನಂಥ ಕಡೆ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆದಿದ್ದಾರೆ. ಎಲ್ಲರೂ ಓದುವ, ಯಾರು ಬೇಕಾದರೂ ತಿದ್ದುವ ಜಾಗದಲ್ಲಿ ಬರೆಯುವಾಗ ಎಚ್ಚರ ತಾನಾಗಿ ಹೆಚ್ಚುತ್ತದೆ. ಆದರೆ ಮೇಲ್ವಿಚಾರಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2011ರ ಪುಣೆಯ ಪ್ರಯೋಗವಿದೆ. ಅಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳು ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆದದ್ದರಲ್ಲಿ ನಕಲು ವಿಪರೀತವಾಗಿ, ಆ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು.

ಆದ್ದರಿಂದ ಕೆಲವು ಕಟ್ಟುಪಾಡು ಬೇಕೇ ಬೇಕು. ಮುಖ್ಯವಾಗಿ ಹೆಣ್ಣುಮಕ್ಕಳ ಫೋನ್ ನಂಬರ್. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದೊಡನೆ ಅದು ಸಾಮಾನ್ಯವಾಗಿ ಗುಂಪಿನ ಎಲ್ಲರಿಗೂ ಕಾಣುತ್ತದೆ. ತರಗತಿಯ ಗುಂಪಿನಿಂದ ನಂಬರ್ ಎತ್ತಿಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಕಾಡಿದ್ದಕ್ಕೆ ಓದು ಬಿಡುವ ಯೋಚನೆ ಮಾಡಿದ ಹುಡುಗಿಯ ಅಳಲನ್ನು ನಾನು ಕೇಳಿದ್ದೇನೆ. ಟೆಲಿಗ್ರಾಂನಲ್ಲಿ ನಂಬರ್ ಮರೆಮಾಡಬಹುದು. ಅಂಥ ದಾರಿಯನ್ನು ಕಾಲೇಜೇ ತೋರಿಸಿಕೊಡಬೇಕು. ಗುಂಪಿನಲ್ಲಿ ಎಷ್ಟು ಮೆಸೇಜ್ ಹಾಕಿದರು ಎಂದು ಎಣಿಸಿ ಅಂಕ ಕೊಡುವುದಂತೂ ಕೂಡದು. ಸ್ವಂತ ಫೋನ್ ಇಲ್ಲದವರು ನಮ್ಮಲ್ಲಿ ಇನ್ನೂ ಇದ್ದಾರೆ. ತೊಗರಿ ದರವನ್ನು ಅವರು ನೋಟ್‌ಬುಕ್ಕಿನಲ್ಲಿ ಬರೆದು ತಂದರು, ಗೆಳೆಯರು ಗುಂಪಿಗೆ ಹಾಕಿದರು.

ಗುಲಬರ್ಗಾ ವಿಶ್ವವಿದ್ಯಾಲಯ ಸೇರಿದಂತೆ ನಮ್ಮ ವಿಶ್ವವಿದ್ಯಾಲಯಗಳ ಪಠ್ಯಕ್ರಮ ರೂಪಿಸುವ ಅಭ್ಯಾಸ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು. ವಿದ್ಯಾರ್ಥಿಗಳು ತಮ್ಮೂರಿನಿಂದ ಮಾಹಿತಿ ಕಲೆಹಾಕಿ ಗುಂಪಿನಲ್ಲಿ ಚರ್ಚಿಸುವ ಇಂಥ ಒಂದು ಕೆಲಸವನ್ನು ಪ್ರತಿ ಸೆಮಿಸ್ಟರ್‌ನ ಆಂತರಿಕ ಮೌಲ್ಯಮಾಪನಕ್ಕೆ ಒಪ್ಪಿಕೊಳ್ಳಲಿ, ಅಂಕ ಮಾತ್ರ ತರಗತಿಯಲ್ಲಿ ಕೂತು ಬರೆದದ್ದಕ್ಕೆ ಸಿಗಲಿ. ಇದಕ್ಕೆ ಹಿಡಿಯುವ ಹೊತ್ತನ್ನು ಕಾರ್ಯಭಾರದಲ್ಲಿ ಲೆಕ್ಕ ಹಿಡಿಯಬೇಕು. ಪಾಠದ ಗಂಟೆ ಎಣಿಸಿ ಗೌರವಧನ ಪಡೆಯುವ ಅತಿಥಿ ಉಪನ್ಯಾಸಕರಿಗೆ ರಾತ್ರಿ ಹತ್ತರವರೆಗೆ ಬಿಟ್ಟಿ ದುಡಿಮೆ ಹೇರುವ ನೆಪ ಇದಾಗಬಾರದು.

– ಅರ್ಥಶಾಸ್ತ್ರ ಉಪನ್ಯಾಸಕಿ, ಕಲಬುರಗಿ ಜಿಲ್ಲೆ